ಮೂರನೆಯ ನಡತೆ ಪತ್ರ

ಜನವರಿ 6, ಸೋಮವಾರ. ಮಧ್ಯಾಹ್ನ 3

ಇನ್ನೂರ ಎಂಬತ್ತು ರೊಟ್ಟಿ. ಮೆಸ್ಸಿನಲ್ಲಿ ಜೊತೆಗಿರುವ ಮುಸರ್ರತ ಹಿಟ್ಟು ನಾದಿದಳು, ನಾನು ಬಡಿದೆ. ಹೆಬ್ಬೆರಳು ಮತ್ತೆ ಅದೇ ಜಾಗದಲ್ಲಿ ಸುಟ್ಟಿತು. ಮನೆ ಹತ್ತಿರ ಬಂದ ಮೇಲೆ ನೆನಪು — ಮೆಸ್ಸಿನ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ. ತಿರುಗಿ ಮೆಸ್ ಇರುವ ನೌಬಾದಕ್ಕೆ ನಡೆದೆ. ಬಂದ್ ಇತ್ತು. ಯಾವಾಗಲೂ ಬಂದ್ ಇರುತ್ತದೆ. ಆದರೂ ಹೋಗುತ್ತೇನೆ.

ಇವತ್ತು ಹೋದದ್ದಕ್ಕೆ ಒಂದು ಕಂಡಿತು. ನಮ್ಮ ಒಲೆಗಳಿರುವ ಗೋಡೆಗೆ ಯಾರೋ ಟೇಪು ಹಿಡಿದು ಅಳತೆ ತೆಗೆಯುತ್ತಿದ್ದರು. ಮೆಸ್ಸಿನ ಸಾವಕಾರರು ಪಕ್ಕದಲ್ಲಿ ನಿಂತಿದ್ದರು.

"ಗ್ವಾಡಿ ಒಡೀತೀರೇನ್ರಿ ಸಾವಕಾರ್ರೆ?"

"ರೊಟ್ಟಿ ಮಷೀನ್ ಬರಲತ್ತದ ದೊರ್ಕಾ. ತಾಸಿಗೆ ಐದುನೂರು ಒಗೀತದಂತ."

"ನಮ್ಮಿಬ್ಬರದು ಹ್ಯಾಂಗ್ರಿ?"

"ನೋಡಮ್ ತಗೋ."

ನೋಡಮ್ ಎಂದರೆ ಇಲ್ಲ ಎಂದೇ. ಈ ವಯಸ್ಸಿಗೆ ಅಷ್ಟು ತಿಳಿಯುತ್ತದೆ. ಗಂಡನಿಗೆ ಇನ್ನೂ ಹೇಳಿಲ್ಲ. ಇವರು ಆಟೋ ಓಡಿಸಿ ಬಂದು ಊಟ ಮಾಡಲಿ, ಆಮೇಲೆ.

ಜನವರಿ 9, ಗುರುವಾರ

ಮುಸರ್ರತ ಮೊಬೈಲು ತಂದು ತೋರಿಸಿದಳು. ಸರಕಾರಿ ಹಾಸ್ಟೆಲ್‌ಗಳಿಗೆ ಅಡುಗೆಯವರು ಬೇಕು. ಬ್ಯಾಕ್‌ಲಾಗ್, ಹಿಂದೆ ತುಂಬದೆ ಉಳಿದ ಜಾಗ. ಎಸ್‌ಸಿ ಮಹಿಳೆಯರು. ಏಳನೆಯ ತರಗತಿ ಪಾಸ್. ವಯಸ್ಸು ನಲವತ್ತರ ಒಳಗೆ.

"ನಂದು ಐದನೇತ್ತೆ, ನನ್ನ ಜಾತಿನೂ ಅಲ್ಲ. ನಿಂದು ಎಲ್ಲಾ ಸರಿ ಕುಂತದ ಅಕ್ಕಾ. ಹಾಕು."

"ನನಗ ಎಲ್ಲಿ ಆಗ್ತದ."

"ಕಾಯ್ಕು ಇತ್ತಾ ಡರ್ತೇ? ಯಾಕ ಇಷ್ಟು ಅಂಜ್ತಿ? ಅರ್ಜಿ ಹಾಕಿದ್ರ ಜೇಲಿಗೆ ಒಗೀತಾರೇನ?"

ಒಗೆದರೂ ಒಗೆಯಬಹುದು ಅನ್ನಿಸಿತು.

ನನಗೆ ಎರಡು ಹೆಸರು. ನಮ್ಮ ಓಣಿಯಲ್ಲಿ ಎಲ್ಲರಿಗೂ ಎರಡು. ಚರ್ಚಿನ ರಿಜಿಸ್ಟರಿನಲ್ಲಿ ದೊರ್ಕಾ, ಮಾರ್ಕನ ಮಗಳು. ಶಾಲೆಯ ರಿಜಿಸ್ಟರಿನಲ್ಲಿ ಸೋನಾಬಾಯಿ, ಮಾರುತಿಯ ಮಗಳು. ಎಸ್‌ಸಿ ಸರ್ಟಿಫಿಕೇಟು ಸೋನಾಬಾಯಿಗೆ. ದೊರ್ಕಾ ಆಫೀಸಿನ ಕಣ್ಣಿಗೆ ಬಿದ್ದರೆ ಅದು ನಡೆಯುವುದಿಲ್ಲ. ಕ್ರೈಸ್ತರಾದವರಿಗೆ ಆ ಜಾತಿ ಇಲ್ಲ ಎಂದು ಕಾಯಿದೆ. ಊರಿನವರಿಗೆ ಮಾತ್ರ ಇದನ್ನು ಯಾರೂ ತಿಳಿಸಿಲ್ಲ. ನನ್ನ ತವರೂರು ಠಾಣಾ ಕುಶನೂರಿನಲ್ಲಿ ನಮ್ಮ ಓಣಿ ಅಜ್ಜನ ಕಾಲಕ್ಕೆ ಎಲ್ಲಿತ್ತೋ ಅಲ್ಲಿಯೇ, ಊರ ಹೊರಗೆ, ಇದೆ, ನಮ್ಮನ್ನು ಕರೆಯುವ ರೀತಿಯೂ ಅದೇ.

ಇನ್ನೊಂದು. ಮಾಸ್ತರರು ಎಲ್ಲ ಮಕ್ಕಳಿಗೂ ಹುಟ್ಟಿದ ದಿನ ಜೂನ್ ಒಂದನೇ ತಾರೀಕು ಎಂದು ಬರೆದುಬಿಟ್ಟರು. ಅದರಂತೆ ಈ ಜೂನಿಗೆ ನನಗೆ ನಲವತ್ತು. ಚರ್ಚಿನ ರಿಜಿಸ್ಟರಿನ ಪ್ರಕಾರ ಇನ್ನೂ ಎರಡು ವರ್ಷ ಚಿಕ್ಕವಳು. ಆದರೆ ಅದನ್ನು ತೋರಿಸುವ ಹಾಗಿಲ್ಲ. ಇದು ತಪ್ಪಿದರೆ ಇನ್ನೊಂದು ಇಲ್ಲ. ಎಂಟನೆಯದಕ್ಕೆ ಬಿಟ್ಟವಳಿಗೆ ಸರಕಾರ ಎಷ್ಟು ಸಲ ಕರೆಯುತ್ತದೆ.

ಜನವರಿ 17, ಶುಕ್ರವಾರ. ಔರಾದದಿಂದ ಬಂದು

ಹಳೆಯ ಜಾತಿ ಸರ್ಟಿಫಿಕೇಟು ನಡೆಯುವುದಿಲ್ಲವಂತೆ. ಹೊಸದಕ್ಕೆ ಔರಾದದ ತಾಲೂಕು ಆಫೀಸಿಗೆ ಹೋದದ್ದು ಇದು ಮೂರನೆಯ ಸಲ. ಇವತ್ತು ಗುರುತಿನವರು ಬೇಕೆಂದರು. ಊರಲ್ಲಿ ನಮ್ಮ ಪಕ್ಕದ ಮನೆಯ ಭೀಮಬಾಯಿ ಬಂದಳು. ಒಂದೇ ಓಣಿ, ಒಂದೇ ಬಾವಿ. ಆಕೆಯ ದೇವರು ಬೇರೆ, ಅಷ್ಟೇ.

"ಈಕಿ ನಿಮಗ ಗೊತ್ತೇನಬೇ?" ಎಂದು ಕ್ಲಾರ್ಕ್ ಕೇಳಿದ.

"ಗೊತ್ತಿಲ್ಲೇನ್ರಿ, ನನ್ನ ಕೈಯಾಗ ಬೆಳೆದ ಕೂಸು. ಮಾರುತಿ ಮಗಳು. ದೊ..."

ನಾನು ಆಕೆಯ ಸೆರಗು ಎಳೆದೆ. ಭೀಮಬಾಯಿ ಜೋರಾಗಿ ಕೆಮ್ಮಿದಳು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡಳು. ಆಮೇಲೆ, "ಸೋನಾಬಾಯಿ ರೀ" ಎಂದಳು. ಕ್ಲಾರ್ಕ್ ನೀರು ಕೊಡಿಸಿದ.

ಹೊರಗೆ ಚಹಾ ಕುಡಿಯುವಾಗ ಬೈದಳು. "ನಲವತ್ತು ವರ್ಷ ದೊರ್ಕಾ ದೊರ್ಕಾ ಅಂತ ಒದರೀನಿ. ನಾಲಿಗಿ ಹೊಳ್ಳಬೇಕಲ್ಲ. ಯಾನ ಹೆಸರು ಇಟ್ಕೊಂಡೀರೋ, ಒಂದು ಉಡಲಿಕ್ಕ ಒಂದು ತೊಡಲಿಕ್ಕ."

ಸರ್ಟಿಫಿಕೇಟು ಸಿಕ್ಕಿತು. ಬಸ್ಸಿನಲ್ಲಿ ಆರು ಸಲ ತೆಗೆದು ನೋಡಿದೆ. ಹೆಸರು ಸರಿ ಇದೆ.

ಜನವರಿ 19, ಭಾನುವಾರ

ನಿನ್ನೆ ಪಂಢರಿಯ ಅಂಗಡಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡ್ ಹತ್ತಿರ ಝೆರಾಕ್ಸ್ ಇಟ್ಟಿದ್ದಾನೆ, ಆನ್‌ಲೈನ್ ಅರ್ಜಿ ತುಂಬುತ್ತಾನೆ. ನನ್ನ ಶಾಲೆಯ ಟಿಸಿ ನೋಡಿ ತಲೆ ಚಚ್ಚಿಕೊಂಡ.

"ಇದಕ್ಕ ಲ್ಯಾಮಿನೇಷನ್ ಯಾರು ಮಾಡ್ಸು ಅಂದ್ರು ಅಕ್ಕಾ?"

"ಹರಿತದ ಅಂತ..."

"ಈಗ ಒಳಗ ಕುಂತು ನಗಲತ್ತದ ನೋಡ್ರಿ ಅದು. ಆಫೀಸಿನಾಗ ಇಂಥದ್ದು ತಗೊಳ್ಳಲ್ಲ, ಹೊಸದು ತರ್ರಿ."

ಎರಡು ನಡತೆ ಪತ್ರ ಬೇಕು. ಒಂದು ಶಾಲೆಯ ಹೆಡ್‌ಮಾಸ್ತರರದು, ಅದು ಆಗಿದೆ. ಇನ್ನೊಂದು ಊರಿನ ಪಂಚಾಯತಿ ಮೆಂಬರರದು. ಅದರ ಸೀಲು ಮಸುಕು. ತಾರೀಕು ಹಾಕಿದ್ದಾರೋ, ಅದು ಬರೀ ಗೀಟೋ ತಿಳಿಯುವುದಿಲ್ಲ. ಪಂಢರಿ ನಡೆಯುತ್ತದೆ ಎಂದ. ನಡೆಯದಿದ್ದರೆ? ರಾತ್ರಿಯೆಲ್ಲ ಅದೇ.

ಇವತ್ತು ಆರಾಧನೆ ಮುಗಿದ ಮೇಲೆ ಪಾಸ್ಟರ್ ಸಾಲೋಮನ ಅಯ್ಯನವರ ಹತ್ತಿರ ನಿಂತೆ. ಒಂದು ನಡತೆ ಪತ್ರ ಬೇಕಿತ್ತು ಅಯ್ಯೋರೆ, ಹಾಸ್ಟೆಲ್ ಅಡುಗೆ ಕೆಲಸಕ್ಕೆ, ಎಂದೆ.

"ಹಾಸ್ಟೆಲ್ಲಿಗೇನು? ಭಾಳ ಚೊಲೋ ಆಯ್ತು ದೊರ್ಕಾ. ಬರೀತೇನಿ."

ಅವರಿಗೆ ಹಾಸ್ಟೆಲ್ ಎಂದರೆ ಮಿಷನ್ನಿನ ಬೋರ್ಡಿಂಗು. ಅದು ಆಗಲೇ ಹೊಳೆಯಿತು. ಅಲ್ರೀ, ಸರಕಾರದ್ದು, ಸೋನಾಬಾಯಿ ಎಂದು ಬರೆಯಿರಿ, ಚರ್ಚಿನ ಮಾತು ಬೇಡ — ಇಷ್ಟು ಹೇಳಬೇಕಿತ್ತು. ಪೀಠದ ಹತ್ತಿರವೇ ನಿಂತಿದ್ದೆವು. ಅಲ್ಲಿ ನಿಂತು ಯೇಸುವಿನ ಹೆಸರು ಬಿಡಿರಿ ಎಂದು ಹ್ಯಾಗೆ ಹೇಳುವುದು.

ಇವರಿಗೆ ಹೇಳಿದೆ. ನಕ್ಕರು. "ನೀ ಸ್ವರ್ಗಕ್ಕ ಹೋದ್ರೂ ಬಾಗಿಲದಾಗ ಎರಡು ಝೆರಾಕ್ಸ್ ಜಾಸ್ತಿ ಹಿಡ್ಕೊಂಡು ನಿಲ್ತಿ." ಆಮೇಲೆ ನಗು ನಿಲ್ಲಿಸಿ, "ಅದು ಆಫೀಸಿಗೆ ಒಯ್ಯಬ್ಯಾಡ ಮತ್ತ" ಎಂದರು.

ಒಯ್ಯುವುದಿಲ್ಲ.

ಜನವರಿ 22, ಬುಧವಾರ

ಅಯ್ಯನವರು ಮನೆಗೇ ಬಂದು ಕೊಟ್ಟರು. ಕವರಿಗೆ ಅಂಟು ಹಚ್ಚಿ ಅಂಟಿನ ಮೇಲೆ ಸೀಲು ಹೊಡೆದಿದ್ದಾರೆ. ಒಡೆದರೆ ಬೆಲೆ ಇರುವುದಿಲ್ಲವಂತೆ. ಕಿಟಕಿಗೆ ಹಿಡಿದು ನೋಡಿದೆ. ಒಳಗೆ ಇಂಗ್ಲಿಷ್. ಉದ್ದ ಬರೆದಿದ್ದಾರೆ. ನನ್ನ ಬಗ್ಗೆ ಯಾರೂ ಇಷ್ಟು ಉದ್ದ ಬರೆದಿಲ್ಲ.

ಫೈಲಿನಲ್ಲಿ ಎಲ್ಲಕ್ಕಿಂತ ಕೆಳಗೆ ಇಟ್ಟೆ. ಕೊಡುವುದಕ್ಕಲ್ಲ. ಎಲ್ಲ ಕಾಗದ ಒಂದೇ ಕಡೆ ಇರಲಿ. ಟ್ರಂಕಿನಲ್ಲಿ ಇಟ್ಟರೆ ಇಲಿ.

ಜನವರಿ 31, ಶುಕ್ರವಾರ

ಮೆಸ್ಸಿನಲ್ಲಿ ಕೊನೆಯ ದಿನ. ಮಷೀನು ಮೊನ್ನೆಯೇ ಬಂದಿದೆ. ಹಿಟ್ಟು ಹಾಕುವವನೊಬ್ಬ, ರೊಟ್ಟಿ ಎತ್ತುವವನೊಬ್ಬ. ಎಲ್ಲ ರೊಟ್ಟಿ ಒಂದೇ ಗುಂಡು, ಒಂದೇ ಬಣ್ಣ. ಹೋಗುವಾಗ ಸಾವಕಾರರು ನಮ್ಮಿಬ್ಬರಿಗೂ ಅದರದೇ ಹತ್ತು ಹತ್ತು ರೊಟ್ಟಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಟ್ಟರು. ಪ್ರೀತಿಯಿಂದಲೇ ಕೊಟ್ಟರು.

ದಾರಿಯಲ್ಲಿ ಮುಸರ್ರತ ಒಂದು ಮುರಿದು ಬಾಯಿಗೆ ಹಾಕಿಕೊಂಡಳು.

"ಹ್ಯಾಂಗದ?"

"ಚೊಲೋನೇ ಅದ ಅಕ್ಕಾ. ಅದೇ ಕಷ್ಟ."

ಆಕೆ ನಾಳೆಯಿಂದ ಗಾಂಧಿ ಗಂಜಿನ ಕಾಳು ಮಾರುಕಟ್ಟೆಗೆ, ಬೇಳೆ ಆರಿಸಲು. ನನ್ನನ್ನೂ ಕರೆದಳು. ಅರ್ಜಿ ಹಾಕಿದ್ದೇನಲ್ಲ ಎಂದೆ.

ಫೆಬ್ರವರಿ 18, ಮಂಗಳವಾರ. ಭಾಲ್ಕಿ ಬಸ್‌ಸ್ಟ್ಯಾಂಡ್, ಸಂಜೆ 4

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ. ಮೂರು ಕಡೆ ಕೇಳಿದೆ. ಒಂದು ಖಾನಾವಳಿಯವರು ವಯಸ್ಸು ಕೇಳಿದರು, ಒಂದು ಆಸ್ಪತ್ರೆಯವರು ಹತ್ತನೆಯದು ಕೇಳಿದರು, ಒಂದು ಮನೆಯವರು ಜಾತಿ ಕೇಳಿದರು.

ಇವತ್ತು ಅಡುಗೆ ಪರೀಕ್ಷೆ. ಇಲ್ಲಿಯ ಒಂದು ಹಾಸ್ಟೆಲಿನಲ್ಲಿ. ನಲವತ್ತೊಂದು ಹೆಂಗಸರು. ಜೋಳದ ರೊಟ್ಟಿ, ಅನ್ನ, ತೊಗರಿ ಬೇಳೆ ಸಾರು, ಒಂದು ಪಲ್ಲೆ. ಪುಂಡಿ ಪಲ್ಲೆ ಮಾಡಿದೆ. ರೊಟ್ಟಿ ಹೆಂಚಿನ ಮೇಲೆ ಉಬ್ಬಿತು, ಒಂದೂ ಹರಿಯಲಿಲ್ಲ.

ಪರೀಕ್ಷೆಯ ಮೇಡಂ ಎಲ್ಲರದೂ ರುಚಿ ನೋಡಿದರು. ಉಳಿದವರ ಹತ್ತಿರ ಒಂದೇ ತುತ್ತು. ನನ್ನ ಹತ್ತಿರ ಅರ್ಧ ರೊಟ್ಟಿ ಮುಗಿಸಿದರು.

"ನೂರು ಮಂದಿಗಿ ಮಾಡೀರೇನವ್ವ ಯಾವಾಗರ?"

ನಮ್ಮ ಚರ್ಚಿನ ಸುಗ್ಗಿ ಹಬ್ಬಕ್ಕೆ ಪ್ರತಿ ವರ್ಷ ನಾಲ್ಕುನೂರು ಮಂದಿಗೆ ಮಾಡುತ್ತೇನೆ. ಅದು ನಾಲಿಗೆ ತುದಿಗೆ ಬಂತು.

"ಮೆಸ್ಸಿನಾಗ ಮಾಡೀನ್ರಿ" ಎಂದೆ.

ಮನೆಯಿಂದ ಬರುವಾಗ ಬಾಗಿಲಿಗೆ ಕೀಲಿ ಹಾಕಿದೆನೋ ಇಲ್ಲವೋ ಎಂದು ಇಡೀ ದಿನದಲ್ಲಿ ಒಂದು ಸಲವೂ ನೆನೆಯಲಿಲ್ಲ. ಈಗ ನೆನೆಯುತ್ತಿದ್ದೇನೆ.

ಮಾರ್ಚ್ 3, ಸೋಮವಾರ

ಪಟ್ಟಿ ಹಚ್ಚಿದ್ದಾರೆ. ಮೊದಲನೆಯ ಹೆಸರು ಸೋನಾಬಾಯಿ ತಂದೆ ಮಾರುತಿ. ನಾನು ದೊರ್ಕಾಳನ್ನು ಹುಡುಕುತ್ತ ಪಟ್ಟಿಯ ಕೆಳಗಿನ ತನಕ ಹೋಗಿ ಮತ್ತೆ ಮೇಲೆ ಬಂದೆ.

ಇವರು ಜಿಲೇಬಿ ತಂದರು. ಮಗಳು ಎಲೀನಾ ಹಾಸ್ಟೆಲಿನಿಂದ ಫೋನ್ ಮಾಡಿದಳು. ಆಕೆಯದು ನರ್ಸಿಂಗ್ ಎರಡನೆಯ ವರ್ಷ. ಅವಳ ಸೀಟು, ಸ್ಕಾಲರ್‌ಶಿಪ್ಪು ಎಲ್ಲ ಇಂಥದೇ ಸರ್ಟಿಫಿಕೇಟಿನ ಮೇಲೆ.

"ಇನ್ನ ಅವ್ವ ಸರಕಾರದಾಕಿ ಆದ್ಳು. ನಮಗ ಮಾತಾಡಸ್ತಿಯೋ ಇಲ್ಲೋ?"

"ಇನ್ನ ದಾಖಲಾತಿ ನೋಡೋದು ಅದವ್ವ."

"ಅದೇನು, ಕಾಗದ ತೋರ್ಸದು. ನಿನ್ನಷ್ಟು ಕಾಗದ ಯಾರ ಹತ್ರ ಅವ?"

ಗುರುವಾರ ಬೆಳಗ್ಗೆ ಹನ್ನೊಂದಕ್ಕೆ. ಬೀದರಿನಲ್ಲಿಯೇ.

ಮಾರ್ಚ್ 6, ಗುರುವಾರ. ಮಧ್ಯಾಹ್ನ

ಕೊಟ್ಟುಬಿಟ್ಟೆ. ನಾನೇ. ನನ್ನ ಕೈಯಾರೆ.

ಮಾರ್ಚ್ 7, ಶುಕ್ರವಾರ

ನಿನ್ನೆ ಇಷ್ಟೇ ಬರೆಯಲಾಯಿತು. ಇವತ್ತು ಬರೆಯುತ್ತೇನೆ. ಎಲ್ಲಿ ತಪ್ಪಿತು ಎಂದು ಒಂದೊಂದಾಗಿ ನೋಡಬೇಕು.

ದಾಖಲಾತಿ ನೋಡುವ ಸಾಹೇಬರು ಒಳ್ಳೆಯವರು. ಟಿಸಿ ಸರಿ, ಜಾತಿ ಸರಿ, ಹೆಡ್‌ಮಾಸ್ತರರ ಪತ್ರ ಸರಿ ಎಂದರು. ಒಂದೊಂದು ಸರಿಗೂ ಟಿಕ್ ಹೊಡೆದರು. ಆಮೇಲೆ ಮೆಂಬರರ ಪತ್ರ ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದರು.

"ತಾರೀಕೇ ಇಲ್ಲಲ್ರಿ ಇದಕ್ಕ. ಬ್ಯಾರೆ ಯಾರರ ಕೊಟ್ಟದ್ದು ಅದ ಏನು?"

ಹಿಂದೆ ಹತ್ತು ಮಂದಿ ನಿಂತಿದ್ದರು. ಎರಡನೆಯ ನಂಬರಿನವಳು ನನ್ನ ಬೆನ್ನಿಗೇ ಇದ್ದಳು. ನಾಳೆ ತರುತ್ತೇನೆ ಎಂದಿದ್ದರೆ ಬಿಡುತ್ತಿದ್ದರು. ಈಗ ಗೊತ್ತಾಗುತ್ತದೆ. ಆಗ ತಲೆಯಲ್ಲಿ, ತಿರುಗಿ ಕಳಿಸಿದರೆ ಮುಗಿಯಿತು ಎಂಬುದೊಂದೇ ಇತ್ತು. ಕೈ ಫೈಲಿನ ತಳಕ್ಕೆ ಹೋಯಿತು. ಕವರು ಬಂತು. ಸಾಹೇಬರ ಪಕ್ಕದ ಹೆಣ್ಣುಮಗಳು ತೆಗೆದುಕೊಂಡು, ಆಫೀಸಿನ ನಂಬರ್ ಹೊಡೆದು, ಒಡೆದು ಕೊಟ್ಟಳು.

ಸಾಹೇಬರು ಓದಿದರು. ಮೊದಲು ಜೋರಾಗಿಯೇ ಶುರುಮಾಡಿದರು, ಆಮೇಲೆ ದನಿ ಇಳಿಸಿದರು. ಕುರ್ಚಿ ಹತ್ತಿರ ಎಳೆದುಕೊಂಡರು.

"ಇದರಾಗ ಏನು ಬರ್ದಾರ ನಿಮಗ ಗೊತ್ತದ ಏನವ್ವ?"

"ಇಲ್ರಿ."

"ಸಹೋದರಿ ದೊರ್ಕಾ ಕೂಸಿದ್ದಾಗಿನಿಂದ ನಮ್ಮ ಸಭೆಯ ಸದಸ್ಯಳು. ದೀಕ್ಷಾಸ್ನಾನ ಆಗ್ಯದ. ಒಂದು ಭಾನುವಾರನೂ ತಪ್ಪಿಸಿಲ್ಲ. ಸುಗ್ಗಿ ಹಬ್ಬದ ಅಡುಗಿ ಈಕೀದೇ... ದೊರ್ಕಾ ಅಂದ್ರ ಯಾರು?"

"ಮನ್ಯಾಗ ಹಂಗ ಕರೀತಾರ್ರಿ."

ಅದು ಯಾಕೆ ಹೇಳಿದೆ? ಗೊತ್ತಿಲ್ಲ ಎನ್ನಬಹುದಿತ್ತು. ಸಾಹೇಬರು ಪೆನ್ನು ಕೆಳಗಿಟ್ಟರು.

"ಈ ಮಾತು ನಾ ಕೇಳಿಲ್ಲ. ಆದ್ರ ಕಾಗದಕ್ಕ ನಂಬರ್ ಬಿದ್ದದ, ಅದು ನುಂಗಲಿಕ್ಕಾಗಲ್ಲ. ಇದು ನಿಮ್ಮದಲ್ಲ ಅಂದ್ರ ನಿಮ್ಮ ಸ್ವಂತ ಕೈಬರಹದಾಗ ಬರ್ದು ಸಹಿ ಮಾಡಿ ಕೊಡ್ರಿ. ಏಳು ದಿನ ಟೈಮ್ ಅದ. ನಿಮ್ಮದೇ ಅಂದ್ರ ಜಾತಿ ಪರಿಶೀಲನಕ್ಕ ಕಳಿಸ್ಬೇಕಾಗ್ತದ. ಅದು ನಿಮ್ಮೊಬ್ಬರಿಗೇ ನಿಲ್ಲಲ್ಲ."

ಮಗಳ ಸೀಟು. ಅದನ್ನೇ ಹೇಳಿದ್ದು.

ಇವರು ಬೈಯಲಿಲ್ಲ. ಬೈದಿದ್ದರೆ ಚೊಲೋ ಇತ್ತು. ಆಟೋ ತೊಳೆಯುತ್ತ ಕುಳಿತರು. ಹಿಂದಿನ ದಿನವಷ್ಟೇ ತೊಳೆದಿದ್ದರು.

ಮಾರ್ಚ್ 9, ಭಾನುವಾರ. ಮಧ್ಯಾಹ್ನ 1

ಚರ್ಚಿಗೆ ಹೋಗಬಾರದೆಂದಿದ್ದೆ. ಹೋಗದಿದ್ದರೆ ಎಲ್ಲರೂ ಕೇಳುತ್ತಾರೆ ಎಂದು ಹೋದೆ. ಹಿಂದಿನ ಬೆಂಚಿನಲ್ಲಿ ಕುಳಿತೆ.

ಪ್ರಾರ್ಥನೆಯಲ್ಲಿ ಅಯ್ಯನವರು ನನ್ನ ಹೆಸರು ತೆಗೆದರು. ನಮ್ಮ ಸಹೋದರಿ ದೊರ್ಕಾಳಿಗೆ ಕೆಲಸ ದೊರೆಯುತ್ತಿದೆ, ಆಕೆ ಮೊದಲನೆಯವಳಾಗಿ ಬಂದಿದ್ದಾಳೆ, ಕರ್ತನಿಗೆ ಸ್ತೋತ್ರ. ಇವರು ಜಿಲೇಬಿಯ ದಿನವೇ ಯಾರಿಗೋ ಹೇಳಿದ್ದರು. ಸಭೆಯೆಲ್ಲ ಆಮೆನ್ ಎಂದಿತು. ಹೆಂಗಸರು ತಿರುಗಿ ನೋಡಿ ನಕ್ಕರು. ಇನ್ನೂರು ಮಂದಿಗೆ ಈಗ ಗೊತ್ತು, ದೊರ್ಕಾ ಯಾರು, ಯಾವ ನಂಬರು ಎಂದು.

ಹೊರಗೆ ಅಯ್ಯನವರು ಕೈ ಹಿಡಿದರು.

"ನನ್ನ ಪತ್ರ ಕೊಟ್ಟೆಯೇನವ್ವ?"

"ಕೊಟ್ಟೆರಿ ಅಯ್ಯೋರೆ."

"ಓದಿದ್ರಾ?"

"ಓದಿದ್ರು ರೀ."

"ಏನಂದ್ರು?"

"ಭಾಳ ಚೊಲೋ ಬರ್ದಾರ ಅಂದ್ರು."

ಅವರ ಮುಖ ಅರಳಿತು. ವಯಸ್ಸಾಗಿದೆ. ಇಂಗ್ಲಿಷಿನಲ್ಲಿ ಬರೆಯಲು ಎರಡು ದಿನ ಹಿಡಿಯಿತು ಎಂದರು. ಒಂದೂ ಸುಳ್ಳು ಸೇರಿಸಿಲ್ಲ ನೋಡು ಎಂದರು.

ಮಾರ್ಚ್ 11, ಮಂಗಳವಾರ

ಪಂಢರಿ ಒಂದು ಮಾದರಿ ಬರೆದುಕೊಟ್ಟ. ಝೆರಾಕ್ಸ್ ಅಂಗಡಿಯಲ್ಲಿ ಯಾರೋ ದೊರ್ಕಾ ಎಂಬುವವರ ಕವರು ನನ್ನ ಫೈಲಿಗೆ ಸೇರಿದೆ, ಆಕೆ ಯಾರೆಂದು ನನಗೆ ಗೊತ್ತಿಲ್ಲ ಎಂದು. ಬೇಕಾದರೆ ನನ್ನ ಅಂಗಡಿಯ ಹೆಸರೇ ಹಾಕಿರಿ, ಬೈಸಿಕೊಳ್ಳುತ್ತೇನೆ ಎಂದ. ಮೂರು ಬಿಳಿ ಹಾಳೆ ಕೊಟ್ಟ.

"ಇಷ್ಟು ಕೊಟ್ರ ಕೆಲಸ ಆಗ್ತದೇನೋ ತಮ್ಮಾ?"

"ಆಗಬೇಕು ಅಕ್ಕಾ. ಎರಡನೇ ನಂಬರಿನಾಕಿ ತಕರಾರು ಹಾಕ್ತಾಳಂತ ಸುದ್ದಿ ಅದ. ಹಾಕಿದ್ರ ಓಣಿಗಿ ಬಂದು ಕೇಳ್ತಾರ."

ಓಣಿಗೆ ಬಂದು ಸೋನಾಬಾಯಿ ಮನೆ ಯಾವುದು ಎಂದರೆ ಯಾರೂ ತೋರಿಸಲಾರರು.

ಬರುವಾಗ ಗಾಂಧಿ ಗಂಜಿಗೆ ಹೋದೆ. ಮುಸರ್ರತ ಅಡತಿ ಅಂಗಡಿಯ ಮುಂದೆ ಚೀಲದ ಮೇಲೆ ಕುಳಿತು ಬೇಳೆ ಆರಿಸುತ್ತಿದ್ದಳು. ರಂಜಾನ್ ತಿಂಗಳು, ರೋಜಾ ಹಿಡಿದಿದ್ದಾಳೆ, ತುಟಿ ಒಣಗಿತ್ತು. ಎಲ್ಲ ಹೇಳಿದೆ. ಆಕೆ ಕೈ ನಿಲ್ಲಿಸಲಿಲ್ಲ.

"ಬರ್ದು ಕೊಡು. ಕಾಗದಾನೇ ಅಲ್ಲೇನು."

"ನೀ ಆದ್ರ ಬರೀತಿದ್ದಿಯೇನು?"

ಮುಸರ್ರತ ಒಂದು ಹರಳು ಎತ್ತಿ ಬೀಸಾಡಿದಳು. "ನನಗ್ಯಾರು ಕೇಳ್ತಾರ ಅಕ್ಕಾ." ಇನ್ನೊಂದು ಹಿಡಿ ಬೇಳೆ ಹರವಿ, "ಇಲ್ಲಿನೂ ಕಲರ್ ನೋಡಿ ಆರಿಸೋ ಮಷೀನ್ ಬರಲತ್ತದಂತ" ಎಂದಳು. "ಅಲ್ಲೀಮಟ ಜಾಗ ಅದ. ಬರ್ತಿಯೇನು?"

ಮಾರ್ಚ್ 12, ಬುಧವಾರ

ಎಲೀನಾ ಫೋನ್ ಮಾಡಿದ್ದಳು. ಇವರೇ ಹೇಳಿಬಿಟ್ಟಿದ್ದಾರೆ.

"ಅವ್ವಾ, ನನ್ನ ಸಂಬಂಧ ಬರೀಬ್ಯಾಡ."

ಆಮೇಲೆ ಅಳುವುದು ಕೇಳಿಸಿತು. ಬರೆಯಬೇಡ ಎನ್ನುವವಳು ಹಾಗೆ ಅಳುವುದಿಲ್ಲ.

ಮಾರ್ಚ್ 13, ಗುರುವಾರ. ಬೆಳಗ್ಗೆ 6.10

ಇವತ್ತೇ ಕೊನೆ. ಆಫೀಸು ಹತ್ತಕ್ಕೆ ತೆರೆಯುತ್ತದೆ.

ಮೊದಲನೆಯ ಹಾಳೆಗೆ ಕೈಬೆವರು ಹತ್ತಿ ಅಕ್ಷರ ಹರಡಿತು. ಎರಡನೆಯದು ಪೂರ್ತಿ ಬರೆದೆ. ತಪ್ಪಿಲ್ಲದೆ ಬರೆದೆ. ಆಕೆ ಯಾರೆಂದು ಗೊತ್ತಿಲ್ಲ ಎಂಬುದನ್ನೂ ಬರೆದೆ. ಇವರಿಗೆ ಓದಲು ಕೊಟ್ಟೆ. ಇವರು ಓದಿ, ಕೆಳಗೆ ಸಹಿಯ ಮೇಲೆ ಬೆರಳಿಟ್ಟರು.

ದೊರ್ಕಾ ಎಂದು ಸಹಿ ಮಾಡಿದ್ದೆ.

ಕೈಗೆ ಯಾರು ಹೇಳಬೇಕು. ಅದಕ್ಕೆ ಬರುವುದು ಅದೊಂದೇ.

ಇನ್ನು ಒಂದೇ ಹಾಳೆ. ಕೆಡಿಸಬಾರದು. ಮೊದಲು ಇಲ್ಲಿ ಕೈ ತಿದ್ದಿಕೊಳ್ಳುತ್ತೇನೆ. ಈ ದಿನಚರಿಯೂ ಚರ್ಚಿನವರು ಕ್ರಿಸ್ಮಸ್ಸಿಗೆ ಕೊಟ್ಟದ್ದು, ಪ್ರತಿ ಪುಟದ ಮೂಲೆಗೆ ಸಣ್ಣ ಶಿಲುಬೆ ಇದೆ. ಓಣಿಗೆ ಬಂದು ಕೇಳುವ ಮೊದಲು ಇದನ್ನೂ ಎಲ್ಲಾದರೂ ಇಡಬೇಕು.

ಇರಲಿ. ಮೊದಲು ಇದು.

ಮಾನ್ಯರೆ,

ಸೋನಾಬಾಯಿ ತಂದೆ ಮಾರುತಿ, ಸಾಕಿನ್ ಠಾಣಾ ಕುಶನೂರ, ತಾಲೂಕು ಔರಾದ, ಆದ ನಾನು ಸ್ವಂತ ಕೈಬರಹದಲ್ಲಿ ಬರೆದುಕೊಡುವುದೇನೆಂದರೆ, ದಿನಾಂಕ 6ರಂದು ನನ್ನ ಫೈಲಿನಲ್ಲಿ ಬಂದ ನಡತೆ ಪತ್ರವು ನನ್ನದಲ್ಲ. ಅದು ಬೇರೆಯವರದು, ಝೆರಾಕ್ಸ್ ಅಂಗಡಿಯಲ್ಲಿ ಕೈತಪ್ಪಿನಿಂದ ಸೇರಿರುತ್ತದೆ. ಸದರಿ ಸಭೆಗೆ ನಾನು ಹೋಗಿರುವುದಿಲ್ಲ. ಸದರಿ ದೊರ್ಕಾ ಎಂಬ ಹೆಣ್ಣುಮಗಳನ್ನು ನಾನು